ಸಹಕಾರನಗರದಲ್ಲಿ ಪೆರು ಕೋಳಿ

ಮದುವೆಯಾದಂದಿನಿಂದ ನನ್ನ ಭಾವಮೈದುನ ವೇಣುಗೋಪಾಲ್ ನನ್ನನ್ನು ಒಮ್ಮೆಯೂ ಹೊಗಳಿದವನಲ್ಲ. ಹೆಬ್ಬಾಳದ ಯಾವುದೋ ಹೋಟೆಲಿನಲ್ಲಿ ಪೆರು ದೇಶದ ಸುಟ್ಟ ಕೋಳಿ ತಿಂದು ಬಂದವನು, “ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ ಭಾವ” ಎಂದುಬಿಟ್ಟ. ನನ್ನ ಪೌರುಷ ಭುಗಿಲೆದ್ದಿತು.

“ನಾನೇ ಮಾಡಿ ಬಡಿಸ್ತೀನಿ ಕಣೋ. ಭಾನುವಾರ ಬಾ!”

“ಭಾನುವಾರ ಹೆಂಗೂ ಬರ್ಲೇಬೇಕಲ್ಲ” ಎಂದು ನಕ್ಕ. (ಆ ‘ಹೆಂಗೂ’ ಯಾಕೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.) ಹೆಂಡತಿ ಮಾಲಾಗೆ ಏನೂ ಹೇಳಲಿಲ್ಲ. ಅವಳೂ ಬೆರಗಾಗಲಿ ಎಂದುಕೊಂಡೆ.

ಬೆಳ್ಳುಳ್ಳಿ, ಜೀರಿಗೆ, ನಿಂಬೆಹಣ್ಣು ಮನೆಯಲ್ಲೇ ಇದ್ದವು. ಪ್ರಾಣ ಹಿಂಡಿದ್ದು ಪೆರುವಿನ ಹಳದಿ ಮೆಣಸಿನಕಾಯಿ. ಅದಿಲ್ಲದೆ ಪೆರು ಕೋಳಿಯೇ ಇಲ್ಲವೆಂದು ಯೂಟ್ಯೂಬಿನ ಹೆಂಗಸು ಕಡ್ಡಿ ಮುರಿದಂತೆ ಹೇಳಿದ್ದಳು. ಆರ್.ಟಿ. ನಗರದ ಅಂಗಡಿಯವನು ಹಳದಿ ದಪ್ಪ ಮೆಣಸಿನಕಾಯಿ ಹಿಡಿದು, “ಸೇಮ್ ಕಲರ್ ಸಾರ್” ಎಂದು ಸಮಾಧಾನ ಮಾಡಿದ. ಯಲಹಂಕದಲ್ಲಿ ತರಕಾರಿ ಮಾರುವ ಮುನಿಶಾಮಮ್ಮ ನನ್ನನ್ನೇ ದಿಟ್ಟಿಸಿ ನೋಡಿದಳು.

“ಅಳದಿ ಮೆಣ್ಸಿನ್‌ಕಾಯಾ? ಯಾಕ್ ಸಾಮಿ, ಅದುಕ್ಕೇನಾರ ಕಾಮಾಲೆ ಬಂದೈತಾ?”

ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಅಳುವೇ ಬಂತು.

ಕೊನೆಗೆ ಅದರ ಪೇಸ್ಟು ತುಂಬಿದ ಪುಟ್ಟ ಬಾಟಲಿಯೊಂದು ಆನ್‌ಲೈನಿನಲ್ಲಿ, ಚಿನ್ನದ ಬೆಲೆಗೆ, ಶನಿವಾರ ಸಂಜೆ ದಯಮಾಡಿಸಿತು. ಪಕ್ಕದ ಮನೆಯ ಸರ್ದಾರ್ ಅವರ ತಾರಸಿಯಲ್ಲಿ ಇದ್ದಿಲ ಒಲೆ ಇದೆ. ಕೋಳಿಗೆ ಮಸಾಲೆ ಮೆತ್ತಿ ಅವರ ಫ್ರಿಜ್ಜಿನಲ್ಲೇ ಗುಟ್ಟಾಗಿ ಇಟ್ಟು ಬಂದೆ.

ಭಾನುವಾರ ಎದ್ದು ನೋಡಿದರೆ ಬಾಗಿಲಿಗೆ ಮಾವಿನ ತೋರಣ, ನಡುಮನೆಯಲ್ಲಿ ರಂಗೋಲಿ, ಅದರ ಮೇಲೊಂದು ಮಣೆ.

“ಬೇಗ ಸ್ನಾನ ಮಾಡಿ ಬನ್ರೀ. ಭೀಮನ ಅಮಾವಾಸ್ಯೆ, ನಿಮ್ ಪಾದಪೂಜೆ ಮಾಡ್ಬೇಕು.”

ಕ್ಯಾಲೆಂಡರಿನಲ್ಲಿ ನಾನು ಕಂಡದ್ದು ಭಾನುವಾರದ ಕೆಂಪು ಬಣ್ಣ ಮಾತ್ರ. ತೊದಲುತ್ತ ಕೋಳಿಯ ವಿಷಯ ಬಾಯಿಬಿಟ್ಟೆ.

“ಕೋಳಿನಾ! ಇವತ್ತು ನೀವು ದೇವ್ರು ಕಣ್ರೀ. ದೇವ್ರು ಕೋಳಿ ತಿಂತಾರಾ?”

“ಮಾರಮ್ಮ ತಿಂತಾಳಲ್ಲ?”

“ನೀವೇನ್ ಮಾರಮ್ಮನಾ? ಸುಮ್ನೆ ಕೂತ್ಕೊಳಿ!”

“ಹೋಗ್ಲಿ, ನಾಳೆ?”

“ನಾಳೆಯಿಂದ ಶ್ರಾವಣ. ತಿಂಗಳು ಪೂರ್ತಿ ಇಲ್ಲ.”

ನಾನು ಮಣೆಯ ಮೇಲೆ ಕುಸಿದೆ. ಮಾಲಾ ಭಕ್ತಿಯಿಂದ ಕಾಲು ತೊಳೆದಳು. ವೇಣುಗೋಪಾಲ್ ಬಂದ. (ಅಕ್ಕನ ಪೂಜೆಗೆ ತಮ್ಮ ಬಂದು, ಹೊಸ್ತಿಲ ಮೇಲಿಟ್ಟ ಕಡುಬಿನ ಭಂಡಾರವನ್ನು ಮೊಣಕೈಯಲ್ಲಿ ಒಡೆಯಬೇಕು. ‘ಹೆಂಗೂ’ ಬರಲೇಬೇಕಾದದ್ದು ಇದಕ್ಕೆ!) ಒಡೆದ; ಒಳಗಿದ್ದ ನಾಣ್ಯಗಳನ್ನು ಜೇಬಿಗಿಳಿಸಿದ.

“ಪೂಜೆ ನಿಮ್ಮಿಬ್ರದ್ದು ಅಕ್ಕ. ನಂಗಿನ್ನೂ ಮದ್ವೆನೇ ಆಗಿಲ್ಲ. ಕೋಳಿ ವೇಸ್ಟ್ ಆಗ್ಬಾರ್ದಲ್ವಾ?” ಎಂದವನೇ, ಕೋಳಿ ಎಲ್ಲಿದೆಯೆಂದು ನನ್ನಿಂದ ಕೇಳಿಕೊಂಡು ಸರ್ದಾರ್ ಮನೆಗೆ ನಡೆದ.

ದೇವರ ಎಲೆಗೆ ಕೋಸಂಬರಿ ಬಿತ್ತು. ಕಾಂಪೌಂಡಿನಾಚೆಯಿಂದ ಹೊಗೆ ತೇಲಿ ಬಂತು. ಆ ವಾಸನೆಗೆ ನನ್ನ ಕಣ್ಣಲ್ಲಿ ನೀರಾಡಿತು. ಮಾಲಾ ಅದನ್ನು ಪೂಜೆಯ ಫಲವೆಂದು ತಿಳಿದು ಕೈಮುಗಿದಳು.

ಊಟ ಮುಗಿಸಿ ಕೈ ಕೊಡವುತ್ತ ವೇಣುಗೋಪಾಲ್ ವಾಪಸು ಬಂದ. ಹೊಗಳಿಕೆಗಾಗಿ ನಾನು ಕಿವಿ ನಿಮಿರಿಸಿದೆ.

“ಸರ್ದಾರ್ ಭಾಯ್ ಕೈರುಚಿ ಸೂಪರ್ ಭಾವ! ನೀವೂ ಅವರತ್ರ ಕಲೀರಿ.”

“ಭಾವನ ಕಾಲಿಗೆ ಬೀಳೋದು ಮರ್ತೆಯಲ್ಲೋ!” ಎಂದು ಮಾಲಾ ಗದರಿದಳು. ಅವನು ಬಗ್ಗಿ ಎರಡೂ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ.

ಅವನು ಹೋದ ಮೇಲೆ ಕಾಲಿನ ಹೆಬ್ಬೆರಳನ್ನು ಆದಷ್ಟು ಮೂಗಿನ ಹತ್ತಿರ ತಂದು ಮೂಸಿ ನೋಡಿದೆ. ಅರಿಶಿನ ಕುಂಕುಮದ ಜೊತೆ ಬೆಳ್ಳುಳ್ಳಿ, ಜೀರಿಗೆ, ಹಳದಿ ಮೆಣಸಿನಕಾಯಿ. ನನ್ನ ಪಾಲಿಗೆ ಬಂದ ಪೆರು ಕೋಳಿ ಅಷ್ಟೇ.