ಬಚ್ಚಲುಮನೆಯ ಅಣಬೆ ಮತ್ತು ಮೂರು ಸ್ನಾನ

ನನ್ನ ಮಾನ ಕಳೆಯಲು ಊರಿನವರು ಕಷ್ಟಪಡಬೇಕಾದ ಸಂದರ್ಭ ನನ್ನ ಜೀವಮಾನದಲ್ಲಿ ಬರಲೇ ಇಲ್ಲ. ಆ ಕೆಲಸವನ್ನು ನಾನೇ ಆಗಾಗ ಮಾಡಿಕೊಳ್ಳುತ್ತಿದ್ದೆ. ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರಾಗಿ ಇದ್ದಷ್ಟು ಕಾಲವೂ ವರ್ಷಕ್ಕೆ ಒಂದಾದರೂ ಅಂಥದ್ದು ಆಗುತ್ತಿತ್ತು. ಉಳಿದವುಗಳನ್ನು ನೆನೆದರೆ ಈಗ ನಗು ಬರುತ್ತದೆ. ಅರುವತ್ತರ ದಶಕದ ಆರಂಭದಲ್ಲಿ ಮನೆಯಲ್ಲಿ ಅಣಬೆ ಬೆಳೆಸಲು ಹೊರಟದ್ದನ್ನು ನೆನೆದರೆ ಮಾತ್ರ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

೧. ಗುಡುಗು ಬೇಡ

ಜನವರಿ ತಿಂಗಳು. ಮಾಷ್ಟ್ರುಗಳ ಕೋಣೆಯಲ್ಲಿ ಊಟದ ಬುತ್ತಿ ಬಿಚ್ಚಿ ಕುಳಿತಿದ್ದೆವು. ಯಾರೋ ಒಬ್ಬರು ಅಣಬೆ ಪದಾರ್ಥದ ಆಸೆ ತೋಡಿಕೊಂಡರು. ಡ್ರಾಯಿಂಗ್ ಮಾಷ್ಟ್ರು, "ಅದಕ್ಕೆ ಇನ್ನು ಮಳೆಗಾಲದ ಮೊದಲ ಗುಡುಗು ಬರಬೇಕು. ಗುಡುಗಿದರೆ ಮಾತ್ರ ಅಲಂಬು ಏಳುವುದು" ಎಂದರು. ಅಲಂಬು ಎಂದರೆ ತುಳುವಿನಲ್ಲಿ ಅಣಬೆ.

ಸುಮ್ಮನೆ ಗಂಜಿ ಉಣ್ಣಬಹುದಿತ್ತು ನಾನು. ಉಣ್ಣಲಿಲ್ಲ. "ಗುಡುಗಿಗೂ ಅಣಬೆಗೂ ಎಂತ ಸಂಬಂಧ ಮಾರಾಯ್ರೇ? ಬಿಸಿ ಇಷ್ಟು ಬೇಕು, ತೇವ ಇಷ್ಟು ಬೇಕು ಅಂತ ಲೆಕ್ಕ ಉಂಟು. ಅಷ್ಟು ಕೊಟ್ರೆ ಫೆಬ್ರವರಿಯಲ್ಲೂ ಏಳ್ತದೆ, ನನ್ನ ಬಚ್ಚಲುಮನೆಯಲ್ಲೂ ಏಳ್ತದೆ" ಎಂದೆ.

ಬಾಗಿಲಲ್ಲಿ ಹೆಡ್‌ಮಾಷ್ಟ್ರು ನಿಂತಿದ್ದರು. ಮುಂದಿನ ವಾರ ಶಾಲಾ ದಿನಾಚರಣೆಯ ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ಅದರಲ್ಲಿ ವಿಜ್ಞಾನ ಪ್ರದರ್ಶನದ ಕೆಳಗೆ ದಪ್ಪ ಅಕ್ಷರದಲ್ಲಿ, "ಮನೆಯಲ್ಲಿ ಬೆಳೆಸಿದ ಅಣಬೆ" ಎಂದೂ ಅದರ ಮುಂದೆ ನನ್ನ ಹೆಸರೂ ಇತ್ತು. ಮುಖ್ಯ ಅತಿಥಿ ಕೃಷಿ ಇಲಾಖೆಯ ಅಧಿಕಾರಿ.

ನಾನು ಓಡಿಹೋಗಿ, "ಸರ್, ಅದು ಇನ್ನೂ ಬೆಳೆದಿಲ್ಲ!" ಎಂದೆ.

"ಅದಕ್ಕೇ ಮೊದಲೇ ಅಚ್ಚು ಹಾಕಿಸಿದ್ದು. ಇನ್ನು ನೀವು ಬೆಳೆಸದೆ ಎಲ್ಲಿಗೆ ಹೋಗ್ತೀರಿ?" ಎಂದರು ಹೆಡ್‌ಮಾಷ್ಟ್ರು.

೨. ಹುಲ್ಲಿಗೆ ಜ್ವರ

ಆ ಅಧಿಕಾರಿಯನ್ನೇ ಹೋಗಿ ಕಂಡೆ. ಸಜ್ಜನರು. ಅಣಬೆಯ ಬೀಜದ ಒಂದು ಬಾಟಲಿಯನ್ನೂ ಬೆಳೆಸುವ ಕ್ರಮವನ್ನು ಟೈಪು ಮಾಡಿದ ಒಂದು ಕಾಗದವನ್ನೂ ಕೊಟ್ಟು, "ಪೂರ್ತಿ ಓದಿ" ಎಂದರು. ಮನೆಗೆ ಬಂದವನೇ ಕಾಗದ ಕಣ್ಣೆದುರು ಇರಲಿ ಎಂದು ಗಂಜಿಯ ತಿಳಿ ಸವರಿ ಬಚ್ಚಲುಮನೆಯ ಗೋಡೆಗೆ ಅಂಟಿಸಿದೆ. ಬಿಸಿ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್, ತೇವ ನೂರಕ್ಕೆ ಎಂಬತ್ತು ಎಂದು ಅದರಲ್ಲಿ ಇತ್ತು. ನನಗೆ ಅಷ್ಟು ಸಾಕಾಯಿತು.

ವಾಮಂಜೂರಿನ ಗದ್ದೆಯಿಂದ ಬೈಹುಲ್ಲು ತರಿಸಿ, ನೆನೆಸಿ, ಕಟ್ಟು ಕಟ್ಟಿ, ಹಂಡೆಯ ಎದುರಿನ ಮೂಲೆಯಲ್ಲಿ ಹಾಸಿಗೆಯಂತೆ ಪೇರಿಸಿದೆ. ನಡುನಡುವೆ ಬೀಜ ಹಾಕಿ, ಅದರ ಮೇಲೆ ತೊಗರಿಬೇಳೆಯ ಹುಡಿ ಉದುರಿಸಿದೆ. ಸಾರಿಗೆ ಇಟ್ಟಿದ್ದ ಬೇಳೆ ಅದು.

ಹುಲ್ಲಿನ ಒಳಗಿನ ಬಿಸಿ ನೋಡಲು ಮನೆಯ ಜ್ವರದ ಥರ್ಮಾಮೀಟರನ್ನು ಚುಚ್ಚಿದೆ. ನೂರೆಂಟು! ಕಿಟಕಿ ತೆರೆದೆ, ಬೀಸಣಿಗೆಯಿಂದ ಗಾಳಿ ಹಾಕಿದೆ. ಸಂಜೆಗೂ ನೂರೆಂಟು. ಮರುದಿನ ಶಾಲೆಗೆ ಹೋಗುವ ಮೊದಲು ಅರ್ಧ ಗಂಟೆ, ಬಂದ ಮೇಲೆ ಒಂದು ಗಂಟೆ ಬೀಸಿದೆ. ನೂರೆಂಟರಿಂದ ಕೂದಲಷ್ಟೂ ಇಳಿಯಲಿಲ್ಲ. ನಾಲ್ಕನೆಯ ದಿನ ನನ್ನ ರಟ್ಟೆ ಬಿದ್ದುಹೋಯಿತು. ಹೆಂಡತಿಯನ್ನು ಕರೆದು ಬೀಸಣಿಗೆ ಕೊಟ್ಟೆ.

ಅವಳು ಅದನ್ನು ಹಿಡಿಯಲಿಲ್ಲ. ಥರ್ಮಾಮೀಟರನ್ನು ಹೊರಗೆಳೆದು, "ಇದನ್ನು ಪ್ರತಿ ಸಲ ಕೊಡವಿ ಪಾದರಸ ಇಳಿಸಿದಿರಾ?" ಎಂದು ಕೇಳಿದಳು.

ಇಳಿಸಿರಲಿಲ್ಲ. ಮೊದಲ ದಿನ ಏರಿದ ಪಾದರಸ ಅಲ್ಲೇ ಕುಳಿತಿತ್ತು. ಆ ವಾರವಷ್ಟೇ ನಾನು ಎಂಟನೆಯ ತರಗತಿಗೆ ಇದೇ ಪಾಠ ಮಾಡಿದ್ದೆ. ಅವಳು ಎರಡು ಸಲ ಕೊಡವಿ, ಸೋಪು ಹಾಕಿ ತೊಳೆದು, ಸೆರಗಿನಲ್ಲಿ ಒರಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದಳು. "ಹುಲ್ಲಿಗೆ ಜ್ವರ ಬಿಟ್ಟಿದೆ. ಇನ್ನು ನೀವು ಮಲಗಿ" ಎಂದಳು.

೩. ಮೂರು ಸ್ನಾನ

ಮಳೆಗಾಲದಲ್ಲಿ ನಮ್ಮ ಊರಿನಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ತಾನಾಗಿ ಬೂಸ್ಟು ಹಿಡಿಯುತ್ತದೆ. ನನ್ನ ಗ್ರಹಚಾರಕ್ಕೆ ಆ ಫೆಬ್ರವರಿಯಲ್ಲಿ ಬೆಳಗಿನಿಂದ ಮೂಡಣ ಗಾಳಿ, ತುಟಿ ಒಡೆಯುವಷ್ಟು ಒಣ. ಶಾಲೆಯಿಂದ ತೇವ ಅಳೆಯುವ ಉಪಕರಣವನ್ನು ಎರವಲು ತಂದು ಗೋಡೆಗೆ ತೂಗಿಸಿದೆ. ಎಂಬತ್ತು ಬೇಕಾದಲ್ಲಿ ಅರುವತ್ತೂ ಇಲ್ಲ. ಪಕ್ಕದ ಮನೆಯ ಬ್ಯಾರಿ ಸಾಹುಕಾರರಿಗೆ ಬಂದರಿನಲ್ಲಿ ಗೋಣಿಚೀಲದ ವ್ಯಾಪಾರ. ಅವರಿಂದ ಗೋಣಿ ಬೇಡಿ ತಂದು ಒದ್ದೆ ಮಾಡಿ ಬಾಗಿಲಿಗೆ ಕಟ್ಟಿದೆ.

ಅವರು ಇಣುಕಿ ನೋಡಿ, "ಎಂತ ಮಾಷ್ಟ್ರೇ, ನನ್ನ ಗೋದಾಮಿನಲ್ಲಿ ಬೇಡ ಬೇಡ ಅಂದ್ರೂ ಬೂಸ್ಟು ಬರ್ತದೆ. ನೀವು ಕಲಿತವರು ಇಷ್ಟು ಕರೆದ್ರೂ ಬರುದಿಲ್ವಾ?" ಎಂದರು.

ಯಾರಾದರೂ ಬಾಗಿಲು ಮುಚ್ಚಿ ಬಿಸಿನೀರಿನಲ್ಲಿ ಸ್ನಾನ ಮಾಡಿದರೆ ತೇವ ತಟ್ಟನೆ ಏರುವುದು ನನ್ನ ಗಮನಕ್ಕೆ ಬಂತು. ಅಂದಿನಿಂದ ಮನೆಯಲ್ಲಿ ಹೊಸ ಕಾನೂನು: ಎಂಬತ್ತಕ್ಕಿಂತ ಇಳಿದರೆ ಯಾರಾದರೊಬ್ಬರು ಸ್ನಾನ ಮಾಡಬೇಕು. ಎರಡೇ ದಿನದಲ್ಲಿ ನನಗೆ ಶೀತ, ಹೆಂಡತಿಗೆ ಸೀನು.

ಆ ಆದಿತ್ಯವಾರ ಹೆಂಡತಿಯ ಅಣ್ಣ ಉಳ್ಳಾಲದಿಂದ ಹೊಳೆ ದಾಟಿ ಬಂದರು. ಅವರದು ಒಣಮೀನಿನ ವ್ಯಾಪಾರ. ನಮ್ಮ ಮದುವೆಯ ಖರ್ಚು ಪೂರ್ತಿ ಹೊತ್ತವರು. ಅಣಬೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಬೆಳೆದ ಮೇಲೆ ತೋರಿಸಿ ಬೆರಗಾಗಿಸಬೇಕೆಂದು, ಹೇಳದ ಹಾಗೆ ಹೆಂಡತಿಯ ಬಾಯಿ ಕಟ್ಟಿದ್ದೆ. ಬಚ್ಚಲಿನ ಹುಲ್ಲಿಗೆ ಗೋಣಿ ಹೊದಿಸಿ ಮುಚ್ಚಿದ್ದೆ, ಗೋಡೆಯ ಕಾಗದ ಇಂಗ್ಲಿಷಿನಲ್ಲಿದ್ದುದರಿಂದ ಅವರು ಓದುವ ಹೆದರಿಕೆ ಇರಲಿಲ್ಲ.

ಅವರು ಚಾವಡಿಯಲ್ಲಿ ಕುಳಿತು ಬೆಲ್ಲ ನೀರು ಕುಡಿದದ್ದಷ್ಟೆ. "ಭಾವ, ಮೊದಲು ಸ್ನಾನ ಮಾಡಿ" ಎಂದೆ. ಮಾಡಿದರು. ಊಟವಾಯಿತು. ನಾನು ಬಚ್ಚಲಿಗೆ ಹೋಗಿ ನೋಡಿ ಬಂದು, "ಭಾವ, ಇನ್ನೊಂದು ಸ್ನಾನ ಮಾಡ್ತೀರಾ?" ಎಂದೆ. ಅವರು ನನ್ನ ಮುಖ ನೋಡಿದರು, ಆದರೂ ಎದ್ದರು. ಸಾಯಂಕಾಲ ಹೆಂಡತಿ ಅಡುಗೆಮನೆಯಲ್ಲಿ ನೀರುದೋಸೆ ಹೊಯ್ಯುತ್ತಿದ್ದಾಗ, ನಾನು ಮೂರನೆಯ ಸಲ ಮೈ ಒರಸುವ ಬೈರಾಸು ಹಿಡಿದು ಅವರ ಎದುರು ನಿಂತೆ.

ಮೂರನೆಯದನ್ನೂ ಮಾಡಿ ಬಂದರು. ಅಂಗಿ ಹಾಕಿಕೊಂಡು, ಕೊಡೆ ತೆಗೆದುಕೊಂಡು, ಮೆಟ್ಟಿಲಲ್ಲಿ ನಿಂತು ಮೆಲ್ಲಗೆ ಹೇಳಿದರು: "ಮಾಷ್ಟ್ರೇ, ಈ ಮೀನಿನ ವಾಸನೆ ಮೂರು ಸ್ನಾನಕ್ಕೆ ಹೋಗುವುದಿಲ್ಲ. ಅದು ನನ್ನ ಅನ್ನದ ವಾಸನೆ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ನಾನು ಮೆಟ್ಟಿಲು ಇಳಿಯುವಷ್ಟರಲ್ಲಿ ಅವರು ಗೇಟು ದಾಟಿದ್ದರು. ದೋಸೆಯ ತಟ್ಟೆ ಹಿಡಿದು ಬಂದ ಹೆಂಡತಿಗೆ ಎಲ್ಲವನ್ನೂ ಹೇಳಬೇಕಾಯಿತು. ಅವಳು ತಟ್ಟೆ ಕೆಳಗಿಟ್ಟು ಕಣ್ಣು ಒರಸಿಕೊಂಡು ಕೇಳಿದಳು: "ನಾನು ಇಲ್ಲಿ ಕೂತು ಅಳ್ಲಾ, ಬಚ್ಚಲಲ್ಲಿ ಅಳ್ಲಾ? ನಿಮಗೆ ತೇವ ಎಲ್ಲಿ ಬೇಕು ಹೇಳಿ."

೪. ಮೊಟ್ಟೆ

ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಹೆಂಡತಿಯ ಕೂಗು ಕೇಳಿಸಿತು. ಓಡಿದೆ. ಹುಲ್ಲಿನ ಅಂಚಿನಲ್ಲಿ ಬಿಳಿಬಿಳಿ ಮೊಟ್ಟೆಗಳು. ಒಂದಲ್ಲ ಎರಡಲ್ಲ, ಗುಂಪುಗುಂಪಾಗಿ.

"ನಾಗನದ್ದು" ಎಂದಳು ಅವಳು.

ನಮ್ಮ ಊರಿನಲ್ಲಿ ಈ ಒಂದು ಮಾತು ಬಂದ ಮೇಲೆ ವಿಜ್ಞಾನದ ಮಾಷ್ಟ್ರೂ ಮೆಟ್ಟು ಕಳಚುತ್ತಾನೆ. ಬೆಚ್ಚಗೆ, ತೇವವಾಗಿ, ಕತ್ತಲೆಯಾಗಿ ಹಾವಿಗೆ ಬೇಕಾದ ಹಾಗೆಯೇ ನಾನು ಜಾಗ ಮಾಡಿಕೊಟ್ಟಿದ್ದೆನಲ್ಲ! ಮೊಟ್ಟೆಗೆ ಕೈ ತಾಗದಂತೆ ಹುಲ್ಲಿನ ಹಾಸಿಗೆಯನ್ನು ಹಲಗೆಯ ಮೇಲೆ ಜಾರಿಸಿಕೊಂಡು, ನಾನೂ ಸಾಹುಕಾರರೂ ಎರಡು ತುದಿ ಹಿಡಿದು, ಹಿತ್ತಿಲಿನ ಹಲಸಿನ ಮರದ ಬುಡಕ್ಕೆ ಸಾಗಿಸಿದೆವು. ಸಾಹುಕಾರರು ಆಚೆ ಹೋದ ಮೇಲೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಲೋಟ ಹಾಲೂ ಒಂದು ಸೀಯಾಳದ ನೀರೂ ಅದರ ಮೇಲೆ ಎರೆದು ತಪ್ಪಾಯಿತೆಂದು ಕೈಮುಗಿದೆ. ತಿರುಗಿದರೆ ಹೆಂಡತಿ ನಿಂತಿದ್ದಳು.

ತಾಯಿ ಹಾವು ಹುಡುಕಿಕೊಂಡು ಬಂದರೆ ಎಂಬ ಹೆದರಿಕೆಯಿಂದ ಅವಳು ಹಗಲು ಮನೆಗೆ ಬೀಗ ಹಾಕಿ ಸಾಹುಕಾರರ ಮನೆಯಲ್ಲಿ ಕೂರತೊಡಗಿದಳು. ಎರಡು ದಿನ ಬಿಟ್ಟು ನಾನು ದೂರದಿಂದ ಇಣುಕಿದೆ. ಮೊಟ್ಟೆಗಳೆಲ್ಲ ಹರಿದು ಬರಿಯ ಸಿಪ್ಪೆ ಉಳಿದಿತ್ತು. ಮರಿಗಳು ಹೊರಟುಹೋಗಿದ್ದವು! ಬೀದಿಯ ಪ್ರತಿ ಮನೆಗೂ ಹೋಗಿ ಕಾಲಬುಡ ನೋಡಿ ನಡೆಯಲು ಎಚ್ಚರಿಕೆ ಕೊಟ್ಟು ಬಂದೆ. ಸಾಹುಕಾರರು ಪಾಪ, ಗೋದಾಮಿನ ಗೋಣಿಗಳನ್ನು ಒಂದೊಂದಾಗಿ ಕೋಲಿನಿಂದ ಎತ್ತಿ ಕೊಡವಿದರು. ಕೊನೆಗೆ ಬಂದು, "ಮಾಷ್ಟ್ರೇ, ನೀವು ಅಲಂಬು ಬೆಳೆಸ್ಲಿಕ್ಕೆ ಹೋದ್ರೆ ಹಾವು ಬೆಳೀತದೆ. ದಯವಿಟ್ಟು ಕೋಳಿ ಮಾತ್ರ ಸಾಕಬೇಡಿ" ಎಂದರು.

೫. ಪ್ರದರ್ಶನ

ಶಾಲಾ ದಿನಾಚರಣೆಗೆ ಭಾವನನ್ನು ಕರೆಯಲೇಬೇಕೆಂದು ಹೆಂಡತಿ ಹಠ ಹಿಡಿದಳು. ಸಾಹುಕಾರರು ಶುಕ್ರವಾರ ಉಳ್ಳಾಲದ ದರ್ಗಾಕ್ಕೆ ಹೋಗುವವರು. ನಾನು ತಪ್ಪಾಯಿತೆಂದು ಹೇಳಿದ್ದೇನೆಂದೂ ಬರಲೇಬೇಕೆಂದೂ ಅವರ ಮೂಲಕ ಹೇಳಿ ಕಳುಹಿಸಿದೆವು. ಭಾವ ಬಂದರು. ಆದರೆ ನನ್ನೊಡನೆ ಮಾತಾಡದೆ ತಂಗಿಯ ಪಕ್ಕ ಹೋಗಿ ನಿಂತರು.

ನನ್ನ ಮೇಜಿನ ಮೇಲೆ ಖಾಲಿ ಬಾಟಲಿ, ತೇವ ಅಳೆಯುವ ಉಪಕರಣ ಮತ್ತು "ಮನೆಯಲ್ಲಿ ಬೆಳೆಸಿದ ಅಣಬೆ" ಎಂಬ ಫಲಕ ಇದ್ದವು. ಅಣಬೆ ಒಂದೇ ಇರಲಿಲ್ಲ. ಅಧಿಕಾರಿಗಳು ಬಂದು ನಿಂತರು. ಹೆಡ್‌ಮಾಷ್ಟ್ರು ಎಲ್ಲರಿಗೂ ಕೇಳಿಸುವಂತೆ, ಪ್ರಯೋಗ ನಡೆಯುತ್ತಿದ್ದಾಗ ನಾಗನ ಮೊಟ್ಟೆ ಕಂಡದ್ದರಿಂದ ನಾನು ಭಕ್ತಿಯಿಂದ ಜಾಗ ಬಿಟ್ಟುಕೊಟ್ಟೆನೆಂದು ವಿವರಿಸಿದರು. ಸಭೆ ತಲೆದೂಗಿತು. ಒಂದು ಕ್ಷಣ ನನಗೂ ನನ್ನ ಮೇಲೆ ಗೌರವ ಬಂತು.

ಅಧಿಕಾರಿಗಳು ಮಾತ್ರ ಕೇಳಿದರು: "ಫೆಬ್ರವರಿಯಲ್ಲಿ ಹಾವು ಮೊಟ್ಟೆ ಇಡ್ತದಾ? ನೀವು ಕಲಿಸುವುದು ಯಾವ ವಿಷಯ?"

"ವಿಜ್ಞಾನ" ಎಂದೆ.

"ಮೊಟ್ಟೆ ಹುಲ್ಲಿನ ಅಂಚಿನಲ್ಲಿ ಗುಂಪಾಗಿ ಇತ್ತಾ?"

"ಹೌದು."

"ಆಮೇಲೆ ಹರಿದ ಸಿಪ್ಪೆ ಹುಲ್ಲಿಗೇ ಅಂಟಿಕೊಂಡಿತ್ತಾ?"

"ಹೌದು."

"ಹಾವಿನ ಮೊಟ್ಟೆ ಹುಲ್ಲಿಗೆ ಬೇರು ಬಿಡ್ತದಾ ಮಾಷ್ಟ್ರೇ? ಅದೇ ನಿಮ್ಮ ಅಣಬೆ! ಹುಟ್ಟುವಾಗ ಮೊಟ್ಟೆಯ ಹಾಗೆಯೇ ಇರ್ತದೆ. ಎರಡು ದಿನದಲ್ಲಿ ಸಿಪ್ಪೆ ಹರಿದು ಕೊಡೆ ಬಿಚ್ತದೆ. ಕಾಗದದ ಹಿಂಬದಿಯಲ್ಲಿ ಅದನ್ನೇ ಬರೆದು ಕೊಟ್ಟಿದ್ದೆನಲ್ಲ, ಓದಲಿಲ್ವಾ?"

ಹಿಂಬದಿ ಗಂಜಿಯಲ್ಲಿ ಅಂಟಿ ಗೋಡೆಯ ಕಡೆಗಿತ್ತು. ನನ್ನ ವಿದ್ಯಾರ್ಥಿಗಳು ಮುನ್ನೂರು ಜನ ಎದುರಿಗೆ ಇದ್ದರು. ಹಾಲು ಎರೆದದ್ದನ್ನು ಹೆಂಡತಿ ಈಗ ಹೇಳಿಬಿಡುತ್ತಾಳೋ ಎಂದು ಅವಳ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಅಷ್ಟು ನಾಚಿಕೆ ನನ್ನ ಜೀವಮಾನದಲ್ಲಿ ಆದದ್ದಿಲ್ಲ.

"ಸರಿ, ಸಿಪ್ಪೆ ಇತ್ತು. ಹಾಗಾದರೆ ಅದರ ಕೊಡೆ ಎಲ್ಲಿ ಹೋಯಿತು?" ಎಂದರು ಅಧಿಕಾರಿಗಳು.

ಆಗ ಭಾವ ಮುಂದೆ ಬಂದರು.

"ಅದು ಹಲಸಿನ ಮರದ ಬುಡದಲ್ಲಿ ಇದ್ದದ್ದಾ? ಸಿಟ್ಟು ಇಳಿದ ಮೇಲೆ ಒಂದು ದಿನ ರಾಜಿ ಮಾಡುವ ಅಂತ ಬಂದಿದ್ದೆ. ಮನೆಗೆ ಬೀಗ. ನನ್ನನ್ನು ಕಂಡೇ ಬೀಗ ಹಾಕಿದ್ದು ಅಂತ ಎಣಿಸಿದೆ. ಹಿತ್ತಿಲಿಗೆ ಹೋದ್ರೆ ಮಳೆ ಇಲ್ಲ, ಗುಡುಗು ಇಲ್ಲ, ರಾಶಿ ಅಲಂಬು! ಇವರಿಗೆ ಯಾಕೆ ಬಿಡಬೇಕು ಅಂತ ಪೂರ್ತಿ ಕೊಯ್ದು ಬೈರಾಸಿನಲ್ಲಿ ಕಟ್ಟಿ ತಗೊಂಡು ಹೋದೆ. ಅಮ್ಮ ತೆಂಗಿನಕಾಯಿ ಹಾಕಿ ಸುಕ್ಕ ಮಾಡಿದ್ರು. ಸತ್ಯ ಹೇಳ್ತೇನೆ, ಅಂಥ ರುಚಿ ನಾನು ಮಳೆಗಾಲದಲ್ಲೂ ಕಂಡಿಲ್ಲ."

ಸಭೆ ಬಿದ್ದು ಬಿದ್ದು ನಕ್ಕಿತು. ಹೆಡ್‌ಮಾಷ್ಟ್ರು ಮೇಜು ಹಿಡಿದುಕೊಂಡು ನಕ್ಕರು. ನಾನು ಭಾವನ ಹತ್ತಿರ ಹೋಗಿ, ತೇವ ಏರಿಸಲು ಅವರಿಗೆ ಮೂರು ಸ್ನಾನ ಮಾಡಿಸಿದ್ದನ್ನು ತಲೆತಗ್ಗಿಸಿ ಒಪ್ಪಿಕೊಂಡೆ. ಅವರು ಪೂರ್ತಿ ಕೇಳಿ ನನ್ನ ಹೆಗಲ ಮೇಲೆ ಕೈಯಿಟ್ಟು ಅಧಿಕಾರಿಗಳ ಕಡೆ ತಿರುಗಿದರು.

"ಸಾಹೇಬ್ರೇ, ಇವರಿಗೆ ಇನ್ನೊಂದು ಬಾಟಲಿ ಕೊಡಿ. ಮೂರಲ್ಲ, ದಿನಕ್ಕೆ ಆರು ಸ್ನಾನ ಬೇಕಾದ್ರೂ ನಾನು ಬಂದು ಮಾಡ್ತೇನೆ. ಆದ್ರೆ ಮೊಟ್ಟೆ ಬರುವ ಹೊತ್ತಿಗೆ ಮಾಷ್ಟ್ರನ್ನು ಉಳ್ಳಾಲಕ್ಕೆ ಕಳಿಸಿ."