ಅಜ್ಜಿಯ ಹೆಗಲ ಮೇಲಿನ ಕೈ ಮತ್ತು ಮಾವನ ಸಾಫ್ಟ್‌ವೇರ್

ನಮ್ಮ ಮಾವನ ಅಂಗಡಿಗೆ ಕುರ್ಚಿ ಕೇಳಲು ಹೋದವರು ಯಾರೂ ಬರೀ ಕುರ್ಚಿ ಹಿಡಿದುಕೊಂಡು ಹಿಂದೆ ಬಂದದ್ದಿಲ್ಲ. ಜೊತೆಗೆ ಒಂದು ಸಾಫ್ಟ್‌ವೇರಿನ ಹೆಸರನ್ನೂ ಹೊತ್ತುಕೊಂಡೇ ಬರಬೇಕು! ಕಾಪು ಪೇಟೆಯಲ್ಲಿ ಶಾಮಿಯಾನ, ಕುರ್ಚಿ, ಕೊಪ್ಪರಿಗೆ ಬಾಡಿಗೆಗೆ ಕೊಡುವ ಅಂಗಡಿ ಅವರದು. ಮಗಳ ಮದುವೆ ನಿಶ್ಚಯವಾಯಿತೆಂದು ಓಡಿ ಬಂದವರ ಹತ್ತಿರ ಮಾವ ಮೊದಲು ಕೇಳುವುದು ಮದುವೆಯ ತಾರೀಕನ್ನಲ್ಲ.

“ನೀವು ಕಂಪ್ಯೂಟರಿನಲ್ಲಿ ಎಂತ ಕೆಲಸ ಮಾಡುದು?”

“ಕಂಪ್ಯೂಟರಾ? ನನಗೆ ಕುರ್ಚಿ ಬೇಕಿತ್ತು ಮಾರಾಯ್ರೇ.”

“ಕುರ್ಚಿ ಎಲ್ಲಿಗೂ ಓಡಿ ಹೋಗುದಿಲ್ಲ. ಒಂದರಲ್ಲಿ ಕೂತುಕೊಳ್ಳಿ, ಹೇಳ್ತೇನೆ.”

ಇವರು ಹುಟ್ಟುವಾಗಲೇ ಕೀಬೋರ್ಡ್ ಹಿಡಿದುಕೊಂಡು ಬಂದವರು ಎಂದು ನೀವು ತಿಳಿದುಕೊಂಡರೆ ತಪ್ಪು. ಮೊನ್ನೆ ಮೊನ್ನೆಯವರೆಗೆ ಮಾವನ ಲೆಕ್ಕದಲ್ಲಿ ಕಂಪ್ಯೂಟರ್ ಎಂದರೆ “ಸರ್ವರ್ ಇಲ್ಲ, ನಾಳೆ ಬನ್ನಿ” ಎಂದು ಹೇಳುವುದಕ್ಕಾಗಿಯೇ ಕಂಡುಹಿಡಿದ ಯಂತ್ರ. ಅಂಥವರಿಗೆ ಈ ಹುಚ್ಚು ಹಿಡಿಸಿದ್ದು ಯಾರು? ನಾನೇ. ಮಣಿಪಾಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆದು ಬೈಂಡ್ ಮಾಡುವುದು ನನ್ನ ಕೆಲಸ. ಕಂಪ್ಯೂಟರ್ ನನಗೆ ಯಾರೂ ಕಲಿಸಿದ್ದಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಂಡ ಕಂಡ ಗುಂಡಿ ಒತ್ತಿ, ಹಾಳಾದರೆ ಹೆದರಿ, ಸರಿಯಾದರೆ ಕುಣಿದು ಕಲಿತದ್ದು. ಉಚಿತವಾಗಿ ಸಿಗುವ ಒಳ್ಳೆಯ ಸಾಫ್ಟ್‌ವೇರ್ ಒಂದು ಕಣ್ಣಿಗೆ ಬಿದ್ದರೆ ನಾಲ್ಕು ಜನರಿಗೆ ಹೇಳದೆ ನನಗೆ ಊಟ ಸೇರುವುದಿಲ್ಲ. ಮಾವನಿಗೂ ಹೇಳಿದೆ. ಆದರೆ ಅವರು ನನ್ನ ಹತ್ತಿರ ಬಂದದ್ದು ಸಾಫ್ಟ್‌ವೇರಿನ ಮೇಲಿನ ಪ್ರೀತಿಯಿಂದಲ್ಲ. ಒಂದು ಕೈಯ ದೆಸೆಯಿಂದ!

ಆ ಕೈಯ ಕಥೆ ಹೀಗುಂಟು.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ ರಸ್ತೆ ಕೂಡುವಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ನಿಲ್ಲಲೇಬೇಕಲ್ಲ? ಕಾಪುವಿನ ಮನೆಯಲ್ಲಿ ಮಾವನ ಜೊತೆ ಇದ್ದ ನಮ್ಮ ಅಜ್ಜಿ, ಅಂದರೆ ಮಾವನ ಮತ್ತು ನನ್ನ ಅಮ್ಮನ ತಾಯಿ, ತೀರಿಕೊಂಡಾಗ ಫ್ಲೆಕ್ಸಿಗೆ ಫೋಟೋ ಹುಡುಕಿದರು. ಅಜ್ಜಿಗೆ ಫೋಟೋ ಎಂದರೆ ಆಗುತ್ತಿರಲಿಲ್ಲ. ಯಾರಾದರೂ ಮೊಬೈಲ್ ಎತ್ತಿದ ತಕ್ಷಣ ಸೆರಗು ಎಳೆದು ಮುಖ ಮುಚ್ಚಿಬಿಡುತ್ತಿದ್ದರು. ನಮ್ಮ ಹತ್ತಿರ ಇದ್ದದ್ದೆಲ್ಲ ಅಜ್ಜಿಯ ಸೆರಗಿನ ಫೋಟೋಗಳೇ! ಕೊನೆಗೆ ಸಿಕ್ಕಿದ್ದು ಕಾರ್ಕಳದಲ್ಲಿ ನೆಂಟರ ಮದುವೆಯೊಂದರಲ್ಲಿ ತೆಗೆದ ಹಳೆಯ ಕಪ್ಪು ಬಿಳುಪು ಗ್ರೂಪ್ ಫೋಟೋ. ಅದರಲ್ಲಿ ಅಜ್ಜಿ ಕುರ್ಚಿಯಲ್ಲಿ ಕೂತಿದ್ದಾರೆ. ಹಿಂದೆ ನನ್ನ ಅಮ್ಮ, ಆಗ ಶಾಲೆಗೆ ಹೋಗುವ ಹುಡುಗಿ, ಅಜ್ಜಿಯ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದಾಳೆ. ಸುತ್ತ ನೆಂಟರ ದಂಡು.

ಮಾವ ಅದನ್ನು ಫ್ಲೆಕ್ಸ್ ಮಾಡುವವನಿಗೆ ಕೊಟ್ಟು, “ಇವರೊಬ್ಬರನ್ನು ತೆಗೆದು ದೊಡ್ಡ ಮಾಡು” ಎಂದು ಹೇಳಿ, ಅಳುತ್ತಿದ್ದವರಿಗೆ ಕುರ್ಚಿ ಹಾಕಲು ಓಡಿದರು. ಆತ ಅವಸರದಲ್ಲಿ ಮಾಡಿದ. ಹಿಂದೆ ನೀಲಿ ಆಕಾಶ ಹಾಕಿದ. ಮೋಡ ಹಾಕಿದ. ಎರಡು ಪಾರಿವಾಳ ಹಾರಿಸಿದ. ನೆಂಟರನ್ನೆಲ್ಲ ಅಳಿಸಿದ. ಅಮ್ಮನನ್ನೂ ಅಳಿಸಿದ. ಹೆಗಲ ಮೇಲಿನ ಕೈಯನ್ನು ಮಾತ್ರ ಮರೆತ!

ಆಳೆತ್ತರದ ಫ್ಲೆಕ್ಸಿನಲ್ಲಿ ಮೋಡದೊಳಗಿಂದ ಬಳೆ ತೊಟ್ಟ ಒಂದು ಕೈ, ಮೊರದಷ್ಟು ಅಗಲ, ಅಜ್ಜಿಯ ಹೆಗಲ ಮೇಲೆ ಇಳಿದಿತ್ತು. ಬಸ್ಸಿಗೆ ಕಾಯುವವರಿಗೆ ಬೇರೆ ಕೆಲಸ ಬೇಡವೇ?

“ನೋಡಿ, ದೇವರೇ ಬಂದು ಕರಕೊಂಡು ಹೋದದ್ದು.”

“ದೇವರು ಬಳೆ ಹಾಕ್ತಾರಾ ಮಾರಾಯ?”

“ಹಾಗಾದ್ರೆ ದೇವಿ ಇರಬೇಕು.”

ದಹನ ಮುಗಿಸಿ ಬೆಳ್ಮಣ್‌ನ ತನ್ನ ಮನೆಗೆ ಹೋಗಿ, ಮರುದಿನ ಮತ್ತೆ ಬಂದು ಬಸ್ಸಿಳಿದ ಅಮ್ಮ ನೋಡುತ್ತಾಳೆ, ತನ್ನದೇ ಕೈ ಆಕಾಶದಲ್ಲಿ! ಸೀದಾ ಮನೆಗೆ ಬಂದು ನೆಂಟರೆದುರೇ ಕೇಳಿದಳು. “ನಾನು ಬದುಕಿರುವಾಗಲೇ ನನ್ನ ಕೈಗೆ ಶ್ರದ್ಧಾಂಜಲಿಯಾ?” ಎಲ್ಲರಿಗೂ ನಗು ಬಂತು. ಅಮ್ಮನಿಗೆ ಬರಲಿಲ್ಲ. ಆಮೇಲೆ ಮೆಲ್ಲಗೆ ಒಂದು ಮಾತು ಸೇರಿಸಿದಳು. “ಪ್ರತಿ ಆದಿತ್ಯವಾರ ಬಂದು ಅಮ್ಮನ ತಲೆ ಬಾಚಿದವಳು ನಾನು. ನನ್ನನ್ನು ಕತ್ತರಿಸಿ ಬಿಸಾಡ್ಲಿಕ್ಕೆ ಈ ತಮ್ಮನಿಗೆ ಮನಸ್ಸಾದರೂ ಹೇಗೆ ಬಂತು?”

ಮಾವ ಕತ್ತರಿಸಿದ್ದಲ್ಲ ಎಂದು ಎಲ್ಲರಿಗೂ ಗೊತ್ತು. ಅಮ್ಮನಿಗೂ ಗೊತ್ತು. ಆದರೆ ಅವತ್ತಿನಿಂದ ಅಕ್ಕ ತಮ್ಮನ ಹತ್ತಿರ ಮಾತಾಡುವುದನ್ನು ನಿಲ್ಲಿಸಿಬಿಟ್ಟಳು. ಮಾವನೂ ಹೆದರಿ ಸುಮ್ಮನಾದರು. ಒಂದೇ ಕೋಣೆಯಲ್ಲಿ ಎದುರೆದುರು ಕೂತರೂ ಮಾತೆಲ್ಲ ನನ್ನ ಮೂಲಕ.

“ನಿನ್ನ ಮಾವನಿಗೆ ಹೇಳು, ಚಹಾ ತಣಿಯುತ್ತದೆ.”

“ನಿನ್ನ ಅಮ್ಮನಿಗೆ ಹೇಳು, ಕೇಳಿತು ಅಂತ.”

ಇಬ್ಬರ ನಡುವೆ ನಾನೊಂದು ವೈಫೈ ರೂಟರ್! ಕರೆಂಟು ಹೋದರೂ ಕೆಲಸ ಮಾಡುವ ರೂಟರ್.

ಹೀಗಿರುವಾಗ ಒಂದು ದಿನ ಮಾವ ಮಣಿಪಾಲದ ನಮ್ಮ ಅಂಗಡಿಗೇ ಬಂದರು. ಕಂಕುಳಲ್ಲಿ ರೆಕ್ಸಿನ್ ಚೀಲ, ಹಣೆಯಲ್ಲಿ ಬೆವರು. ಕೌಂಟರಿಗೆ ಒರಗಿ, ಗುಟ್ಟಿನ ದನಿಯಲ್ಲಿ ಕೇಳಿದರು.

“ಮಗಾ, ಒಂದು ಹೆಂಗಸಿನ ಕೈ ತೆಗೀಲಿಕ್ಕೆ ಉಂಟು. ಗುರುತು ಸಿಗಬಾರದು. ಎಂತ ಬೇಕಾಗ್ತದೆ?”

ಪಕ್ಕದಲ್ಲಿ ರಿಪೋರ್ಟಿಗೆ ಕಾಯುತ್ತಿದ್ದ ವಿದ್ಯಾರ್ಥಿ ಹಣ ಕೊಟ್ಟು ರಿಪೋರ್ಟ್ ಬಿಟ್ಟೇ ಹೋದ!

ನನಗೋ ಖುಷಿ. ಫೋಟೋ ತಿದ್ದಲು ಗಿಂಪ್, ಚಿತ್ರ ಬಿಡಿಸಲು ಇಂಕ್‌ಸ್ಕೇಪ್, ಧ್ವನಿಗೆ ಆಡಾಸಿಟಿ, ಲೆಕ್ಕಕ್ಕೆ ಪತ್ರಕ್ಕೆ ಲಿಬ್ರೆ ಆಫೀಸ್, ಎಲ್ಲವೂ ಉಚಿತ, ಕಳ್ಳಪ್ರತಿ ಹಾಕುವ ಅಗತ್ಯವೇ ಇಲ್ಲ ಎಂದು ಉಸಿರು ತೆಗೆಯದೆ ಹೇಳಿದೆ. ಮಾವ ಕೈ ಎತ್ತಿ ತಡೆದರು.

“ನಾನು ಗಂಜಿ ಕೇಳಿದ್ರೆ ನೀನು ಮದುವೆ ಊಟ ಬಡಿಸ್ತಿ ಅಲ್ವಾ ಮಾರಾಯ್ತಿ? ಒಂದೊಂದೇ ಹಾಕು. ಒಂದು ಜೀರ್ಣ ಆದ ಮೇಲೆ ಇನ್ನೊಂದು.”

ಮೌಸ್ ಹಿಡಿಯಲು ಬಾರದವರಿಗೆ ಮೊದಲೇ ಗಿಂಪ್ ಕೊಟ್ಟರೆ ಓಡಿ ಹೋಗುತ್ತಾರೆಂದು, ಅವರ ಅಂಗಡಿಗೊಂದು ಹಳೆಯ ಕಂಪ್ಯೂಟರ್ ಹೊಂದಿಸಿ ಲಿಬ್ರೆ ಆಫೀಸಿನಿಂದ ಶುರು ಮಾಡಿಸಿದೆ. ಬಾಡಿಗೆಯ ಲೆಕ್ಕ ಬರೆಯಿರಿ ಎಂದು ಸ್ಪ್ರೆಡ್‌ಶೀಟ್ ತೋರಿಸಿದೆ. ಮುಂದಿನ ವಾರ ಹೋಗಿ ನೋಡಿದರೆ ಅದರಲ್ಲಿ ಲೆಕ್ಕವೇ ಇಲ್ಲ! ಒಂದೊಂದು ಚೌಕಕ್ಕೂ ಒಂದೊಂದು ಬಣ್ಣ.

“ಇದೆಂತ ಮಾವ?”

“ಕುರ್ಚಿ. ಒಂದು ಚೌಕ ಅಂದ್ರೆ ಒಂದು ಕುರ್ಚಿ. ಕೆಂಪು ಗಂಡಿನ ಕಡೆ, ಹಸಿರು ಹೆಣ್ಣಿನ ಕಡೆ. ಇದು ಮಂಟಪ, ಇದು ಕೈ ತೊಳೆಯುವ ಜಾಗ.”

“ಈ ಎರಡು ಚೌಕ ಯಾಕೆ ಒಟ್ಟಿಗೆ ಸೇರಿಸಿದ್ದು?”

“ಅದು ಗಂಡಿನ ದೊಡ್ಡಪ್ಪನಿಗೆ. ನೀನು ಅವರನ್ನು ನೋಡ್ಲಿಲ್ಲ.”

ನಗಬೇಡಿ. ಆ ಮದುವೆಯಲ್ಲಿ ಕುರ್ಚಿಗಾಗಿ ಒಂದು ಜಗಳವೂ ಆಗಲಿಲ್ಲ. ಲೆಕ್ಕಕ್ಕಾಗಿ ಮಾಡಿದ ಸಾಫ್ಟ್‌ವೇರನ್ನು ಲೆಕ್ಕಕ್ಕೇ ಬಳಸಬೇಕೆಂದು ಎಲ್ಲಿ ಬರೆದಿದೆ?

ಆಮೇಲೆ ಆಡಾಸಿಟಿ. ಧ್ವನಿ ಮುದ್ರಿಸಿ, ಬೇಡದ್ದನ್ನು ಕತ್ತರಿಸಿ, ಬೇಕಾದ್ದನ್ನು ಜೋಡಿಸಲು ಇದರಷ್ಟು ಸಲೀಸಾದದ್ದು ನಾನು ಕಂಡಿಲ್ಲ. ಮಾವ ಕಂಪ್ಯೂಟರನ್ನು ಮನೆಗೆ ತಂದಿಟ್ಟು ಏನು ಮುದ್ರಿಸಿದರು ಗೊತ್ತೇ? ತಮ್ಮದೇ ಗೊರಕೆ! ಅವರು ಗೊರಕೆ ಹೊಡೆಯುತ್ತಾರೆಂಬುದು ಅತ್ತೆಯ ಹಳೆಯ ದೂರು. ಪರದೆಯ ಮೇಲೆ ಗೊರಕೆ ಇದ್ದಲ್ಲೆಲ್ಲ ಗುಡ್ಡ, ಇಲ್ಲದಲ್ಲಿ ಬಯಲು. ಮಾವ ಕೂತು ಗುಡ್ಡಗಳನ್ನೆಲ್ಲ ಒಂದೊಂದಾಗಿ ಅಳಿಸಿ, ಬಯಲನ್ನು ಮಾತ್ರ ಉಳಿಸಿ ಅತ್ತೆಗೆ ಕೇಳಿಸಿದರು.

“ನೋಡು, ಈಗ ಉಂಟಾ ಗೊರಕೆ?”

ಅತ್ತೆ ಮೀನು ಕತ್ತರಿಸುತ್ತಿದ್ದವರು ತಲೆ ಎತ್ತದೆ ಹೇಳಿದರು. “ಕಂಪ್ಯೂಟರಿನಲ್ಲಿ ಇಲ್ಲ. ಇವತ್ತಿನಿಂದ ನಾನು ಅದರ ಹತ್ತಿರ ಮಲಗ್ತೇನೆ, ನೀವು ಮಂಚದಲ್ಲಿ ಮಲಗಿ.”

ಕಲಿತವರು ಸುಮ್ಮನಿರುತ್ತಾರೆಯೇ? ಮಾವ ಊರಿಗೇ ಹೇಳಲು ಶುರು ಮಾಡಿದರು. ನನಗಿಂತ ಚೆನ್ನಾಗಿ ಹೇಳುತ್ತಾರೆ ಎಂಬುದೇ ನನ್ನ ಹೊಟ್ಟೆಯುರಿ! ಪಕ್ಕದ ಚಪ್ಪಲಿ ಅಂಗಡಿಯ ಬ್ಯಾರಿ ಕಾಕ, ಮಗ ಗಲ್ಫಿನಿಂದ ರಜೆಯಲ್ಲಿ ಬರುವ ಮೊದಲು ಹೊಸ ಬೋರ್ಡ್ ಹಾಕಿಸಬೇಕೆಂದು, ಹಳೆಯ ವಿಸಿಟಿಂಗ್ ಕಾರ್ಡಿನ ಚಪ್ಪಲಿಯ ಚಿತ್ರವನ್ನೇ ದೊಡ್ಡದು ಮಾಡಿಸಿ ತಂದಿದ್ದರು. ಚಪ್ಪಲಿಯ ಅಂಚು ಮೆಟ್ಟಿಲು ಮೆಟ್ಟಿಲಾಗಿತ್ತು.

“ಕಾಕ, ಇದು ಚುಕ್ಕಿ ಚುಕ್ಕಿ ಸೇರಿಸಿ ಮಾಡಿದ ಚಿತ್ರ. ಎಳೆದ್ರೆ ನೀರುದೋಸೆ ಹಾಗೆ ಹರೀತದೆ. ಇಂಕ್‌ಸ್ಕೇಪಿನಲ್ಲಿ ಗೆರೆ ಎಳೆದು ಮಾಡಿದ್ರೆ ಎಷ್ಟು ದೊಡ್ಡ ಮಾಡಿದ್ರೂ ಹರಿಯುದಿಲ್ಲ. ಕಾಪು ಲೈಟ್‌ಹೌಸಿನ ಮೇಲೆ ಹಾಕ್ಬಹುದು.”

“ಲೈಟ್‌ಹೌಸಿಗೆ ಚಪ್ಪಲಿ ಯಾಕೆ? ಅದು ಎಲ್ಲಿಗೂ ನಡೆಯುದಿಲ್ಲ ಅಲ್ವಾ?” ಎಂದರು ಕಾಕ. ಆದರೂ ಮಾವನ ಹತ್ತಿರವೇ ಮಾಡಿಸಿದರು. ಮಗ ಬಂದವನು ಅಂಗಡಿಯೊಳಗೆ ಹೋಗುವ ಮೊದಲು ಬೋರ್ಡಿನ ಫೋಟೋ ತೆಗೆದನಂತೆ.

ಇಷ್ಟೆಲ್ಲ ಸಂಭ್ರಮದ ನಡುವೆಯೂ ಮಾವ ಮರೆತಿರಲಿಲ್ಲ. ಅಜ್ಜಿಯ ವರ್ಷಾಂತಿಕ ಹತ್ತಿರ ಬರುತ್ತಿತ್ತು. ಅಕ್ಕ ಬರುತ್ತಾಳೆ. ಹೊಸ ಫ್ಲೆಕ್ಸ್ ನಿಲ್ಲಬೇಕು, ಅಷ್ಟರೊಳಗೆ ಆ ಕೈ ಹೋಗಬೇಕು. ಅಂತೂ ಆ ಹಳೆಯ ಗ್ರೂಪ್ ಫೋಟೋವನ್ನು ಸ್ಕ್ಯಾನ್ ಮಾಡಿ ಗಿಂಪ್ ತೆರೆದೆವು.

ಲೇಯರ್ ಎಂದರೇನೆಂದು ನಾನು ಅರ್ಧ ಗಂಟೆ ಹೇಳಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. “ಶಾಮಿಯಾನದ ಬಟ್ಟೆ. ಒಂದರ ಮೇಲೆ ಒಂದು. ಮೇಲಿನದ್ದು ತೆಗೆದ್ರೆ ಕೆಳಗಿನದ್ದು ಹಾಗೇ ಉಂಟು.” ಹಿಂದೆ ನಿಂತವರನ್ನೆಲ್ಲ ಒಂದು ಲೇಯರಿನಿಂದ ಮುಚ್ಚಿ, ಒಂದು ಕಡೆಯ ಸೀರೆಯ ಬಟ್ಟೆಯನ್ನು ನಕಲು ಮಾಡಿ ಕೈಯ ಮೇಲೆ ಹೊದಿಸುವ ಕ್ಲೋನ್ ಉಪಕರಣ ತೋರಿಸಿದೆ. ಮೂಲ ಫೋಟೋ ಮುಟ್ಟಬೇಡಿ, ಕಾಪಿಯಲ್ಲಿ ಮಾಡಿ ಎಂದು ಎಚ್ಚರಿಸಿದೆ. ನಿಮಗೂ ಅದನ್ನೇ ಹೇಳುತ್ತೇನೆ. ಸಾಫ್ಟ್‌ವೇರ್ ಯಾವುದೇ ಇರಲಿ, ಮೂಲ ಮುಟ್ಟಬೇಡಿ!

ಮೊದಲ ದಿನ ಅಜ್ಜಿಗೆ ಮೂರು ಕಿವಿ ಬಂತು. ಎರಡನೆಯ ದಿನ ಕೈ ಹೋಗಿ ಮೊಣಕೈ ಉಳಿಯಿತು. ಮಾವ ಬಿಡಲಿಲ್ಲ. ಕೈಯೊಂದು ಬಿಟ್ಟು ಬೇರೆಲ್ಲವೂ ಅಳಿಸಿಹೋದ ದಿನವೂ ಒಂದಿತ್ತು! ಕೊನೆಗೊಂದು ಸಂಜೆ ಕರೆದು ತೋರಿಸಿದರು. ನಾನು ಬೆರಗಾದೆ. ಹೆಗಲ ಮೇಲೆ ಕೈ ಇತ್ತೆಂದು ದೇವರಾಣೆಗೂ ಹೇಳಲಾಗದು. ಸೀರೆಯ ನೆರಿಗೆ ಕೂಡ ಸರಿಯಾಗಿ ಕೂತಿತ್ತು.

“ಮಾವ, ಫಸ್ಟ್ ಕ್ಲಾಸ್! ಪ್ರಿಂಟಿಗೆ ಕೊಡೋಣ?”

ಮಾವ ತಲೆಯನ್ನು ಈಚೆ ಆಚೆ ವಾಲಿಸಿ ನೋಡಿದರು.

“ಎಂತ ಆಯ್ತು?”

“ಕೈ ಹೋಯ್ತು ಮಗಾ. ಆದ್ರೆ ಈಗ ಅಮ್ಮ ಬೀಳುವ ಹಾಗೆ ಕಾಣ್ತಾಳೆ.”

ನಾನು ನೋಡಿದೆ. ನಿಜ. ಕುರ್ಚಿಯಲ್ಲಿ ಅಜ್ಜಿ ಸ್ವಲ್ಪ ಹಿಂದಕ್ಕೆ ಒರಗಿದ್ದರು. ಒರಗಿದ್ದು ಕುರ್ಚಿಗಲ್ಲ.

ಕೈಗೂ ಹಿಂದಿನವರಿಗೂ ಹೊದಿಸಿದ್ದ ಲೇಯರುಗಳನ್ನು ಮಾವ ಒಟ್ಟಿಗೇ ಅಳಿಸಿಬಿಟ್ಟರು. ಇಷ್ಟು ದಿನ ಹೆಣೆದದ್ದು ಒಂದೇ ಗುಂಡಿಗೆ ಹೋಯಿತು. ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡು, “ಇನ್ನು ಹೇಳು, ಕೈ ತೆಗೆಯುದು ಬೇಡ. ಕೈಯ ಹಿಂದೆ ಇದ್ದವಳನ್ನು ಹೇಗೆ ಒಳ್ಳೆ ಮಾಡುದು?” ಎಂದರು.

ಬದುಕಿರುವವರನ್ನು ಶ್ರದ್ಧಾಂಜಲಿಯಲ್ಲಿ ಹಾಕುವುದು ಸಾಧ್ಯವೇ? ಹಾಗಾಗಿ ಫ್ಲೆಕ್ಸ್ ಇಲ್ಲವೆಂದಾಯಿತು, ಗೋಡೆಗೆ ಒಂದು ಫ್ರೇಮ್ ಮಾತ್ರ. ಮಾವ ನೆಂಟರ ದಂಡನ್ನು ಅಳಿಸಿದರು. ಅಜ್ಜಿ ಮತ್ತು ಅಮ್ಮ ಇಬ್ಬರೇ ಉಳಿದರು. ಅಮ್ಮನ ಮುಖದ ಮೇಲಿದ್ದ ಕಲೆ, ಗೀರುಗಳನ್ನು ಒಂದೊಂದಾಗಿ ತೆಗೆದರು. ಆಮೇಲೆ ಮೇಲೊಂದು ಬಣ್ಣದ ಲೇಯರ್ ಹಾಕಿ ಸೀರೆಗೆ ಬಣ್ಣ, ಲಂಗಕ್ಕೆ ಬಣ್ಣ, ಬಳೆಗೆ ಹಸಿರು.

ವರ್ಷಾಂತಿಕದ ದಿನ ಊಟವಾಗಿ ನೆಂಟರೆಲ್ಲ ಹೋದ ಮೇಲೆ ಪ್ರಿಂಟಿಗೆ ಕೊಡುವ ಮೊದಲು ತೋರಿಸೋಣವೆಂದು ಅಮ್ಮನನ್ನು ಕಂಪ್ಯೂಟರ್ ಮುಂದೆ ನಿಲ್ಲಿಸಿದೆ. ಮಾವ ಕುರ್ಚಿಯಲ್ಲಿ ಕೂತು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಮೌಸನ್ನು ಹಿಡಿದುಕೊಂಡಿದ್ದರು. ಅಮ್ಮ ನೋಡಿದಳು. ಬೆರಳು ಬಳೆಯ ಹತ್ತಿರ ಹೋಗಿ ನಿಂತಿತು.

“ನಿನ್ನ ಮಾವನಿಗೆ ಹೇಳು,” ಎಂದಳು ಕೊನೆಗೆ, “ಬಳೆ ಹಸಿರಲ್ಲ. ಕೆಂಪು.”

“ನಿನ್ನ ಅಮ್ಮನ ಹತ್ತಿರ ಕೇಳು,” ಎಂದರು ಮಾವ, “ಎಂಥ ಕೆಂಪು?”

“ಅಮ್ಮ ಉಡುಪಿಯ ರಥಬೀದಿಯಲ್ಲಿ ಹಾಕಿಸಿಕೊಟ್ಟ ಕೆಂಪು ಅಂತ ಹೇಳು.”

ಇದನ್ನು ನಾನು ಹೇಗೆ ತಲುಪಿಸಲಿ? ಗಿಂಪಿನಲ್ಲಿ ಬಣ್ಣದ ಚಕ್ರ ತೆರೆದರೆ ಕೆಂಪು ಒಂದಲ್ಲ, ಸಾವಿರ ಉಂಟು. ಮಾವ ಚಕ್ರದ ಮೇಲೆ ಮೆಲ್ಲಗೆ ಮೌಸ್ ಸರಿಸಿದರು. ಫೋಟೋದಲ್ಲಿ ಬಳೆ ಕುಂಕುಮವಾಯಿತು, ದಾಸವಾಳವಾಯಿತು, ಇಟ್ಟಿಗೆಯಾಯಿತು.

“ಹೇಳು, ಇದಲ್ಲ.”

“ಇದಲ್ಲವಂತೆ ಮಾವ.”

“ಇನ್ನೂ ಸ್ವಲ್ಪ ಕಪ್ಪು ಅಂತ ಹೇಳು.”

“ಇನ್ನೂ ಸ್ವಲ್ಪ...”

“ಅಯ್ಯೋ, ಅಷ್ಟಲ್ಲ ಮಾರಾಯ! ಈಚೆ ಬಾ, ಈಚೆ!”

ನಾನು ಬಾಯಿ ತೆರೆದವಳು ಮುಚ್ಚಿದೆ. ಅದು ನನಗೆ ಹೇಳಿದ್ದಲ್ಲ. ರೂಟರ್ ಕೆಲಸ ಮುಗಿದಿತ್ತು.

ಅಮ್ಮನ ಕನ್ನಡಕ ಬೆಳ್ಮಣ್‌ನಲ್ಲೇ ಉಳಿದಿತ್ತು. ಸರಿಯಾಗಿ ಕಾಣಲೆಂದು ಪರದೆಯ ಹತ್ತಿರಕ್ಕೆ ಬಗ್ಗಿದಳು. ಬಗ್ಗುವವರಿಗೆ ಒಂದು ಆಧಾರ ಬೇಕಲ್ಲ, ಮುಂದೆ ಕೂತಿದ್ದ ತಮ್ಮನ ಹೆಗಲ ಮೇಲೆ ಕೈ ಇಟ್ಟಳು. ಇಟ್ಟದ್ದು ಅವಳಿಗೆ ಗೊತ್ತೂ ಆಗಲಿಲ್ಲ.

ಮಾವನಿಗೆ ಗೊತ್ತಾಯಿತು.

“ಹಾಂ, ಇದೇ ಇದೇ!” ಎಂದಳು ಅಮ್ಮ. ಬಳೆಯಲ್ಲಿ ಕೆಂಪು ಸರಿಯಾಗಿ ಕೂತಿತ್ತು. ನನಗೂ ಕಂಡಿತು. ಆದರೆ ಮಾವ ಹೆಗಲನ್ನು ಒಂದಿಷ್ಟೂ ಅಲುಗಿಸದೆ, ಬೆರಳನ್ನು ಮಾತ್ರ ಮೆಲ್ಲಗೆ ಸರಿಸಿ, ಆ ಕೆಂಪನ್ನು ದಾಟಿ ಮುಂದಕ್ಕೆ ಹೋದರು.

“ಇದಾ ಅಕ್ಕ? ಸರಿ ನೋಡು... ಅಲ್ಲ, ಇದಾ?”