ಹೂಂ ಅನ್ನುವ ಹುದ್ದೆ

ಸಹಜವಾಗಿ ಮಾತನಾಡಲು ಸರ್ಕಾರದ ಮಂಜೂರಾತಿ ಬೇಕಾಗಿಲ್ಲ ಎಂಬ ತಪ್ಪು ತಿಳಿವಳಿಕೆಯು ೧೯೭೮ರ ಬೇಸಿಗೆಯವರೆಗೂ ಬೆಳಗಾವಿಯಲ್ಲಿ ಚಾಲ್ತಿಯಲ್ಲಿತ್ತು. ಅದು ಹೇಗೆ ನಿವಾರಣೆಯಾಯಿತು ಎಂಬುದನ್ನು, ಬಸವಣ್ಣನವರ ಪಾದ ನೆನೆದು, ನಾನು ಕಂಡಷ್ಟು ನಿವೇದಿಸುತ್ತೇನೆ.

ನನ್ನ ಹೆಸರು ಗುರುಪಾದಪ್ಪ. ಧ್ವನಿ ಪ್ರಚಾರ ಶಾಖೆಯಲ್ಲಿ ಗುಮಾಸ್ತ. ಬೆಳಿಗ್ಗೆ ಲಿಂಗಪೂಜೆ, ಹಗಲು ಕಚೇರಿ, ಸಂಜೆ ಮಠದಲ್ಲಿ ಪುರಾಣ. ಶಿವ ಕೊಟ್ಟದ್ದು ಇಷ್ಟು, ಇದೇ ಹೆಚ್ಚು. ಸರ್ಕಾರವು ಜನರಿಗೆ ಹೇಳಬೇಕಾದ್ದನ್ನು ಟೇಪಿನ ಸುರುಳಿಯಲ್ಲಿ ಮುದ್ರಿಸಿ, ಜೀಪಿನ ನೆತ್ತಿಗೆ ಕಟ್ಟಿದ ಮೈಕಿನಿಂದ ಊರೂರಿಗೆ ಕೇಳಿಸುವುದು ನಮ್ಮ ಶಾಖೆಯ ಕರ್ತವ್ಯವಾಗಿತ್ತು.

ಶಾಖೆಗೆ ಬಾಡಿಗೆ ಕಟ್ಟಡ ಸಿಕ್ಕಿದ್ದು ವಡಗಾವಿಯ ನೇಕಾರರ ಓಣಿಯಲ್ಲಿ. ಎಡಕ್ಕೆ ಮಗ್ಗ, ಬಲಕ್ಕೆ ಮಗ್ಗ, ಹಿಂದೆಯೂ ಮಗ್ಗ. ಮಗ್ಗದ ಸದ್ದು ನಿಲ್ಲಬೇಕಾದರೆ ಕರೆಂಟು ಹೋಗಬೇಕು. ಕರೆಂಟು ಹೋದರೆ ನಮ್ಮ ಧ್ವನಿಮುದ್ರಣ ಯಂತ್ರವೂ ನಿಲ್ಲುತ್ತಿತ್ತು. ಆದ್ದರಿಂದ ನೇಕಾರರು ಮಗ್ಗಕ್ಕೆ ಪೂಜೆ ಮಾಡಿ ಸುಮ್ಮನಿಡುವ ಅಮಾವಾಸ್ಯೆಯಂದು ಮಾತ್ರ ಧ್ವನಿಮುದ್ರಣ ಮಾಡತಕ್ಕದ್ದೆಂದು ಆದೇಶವಾಗಿತ್ತು. ಸರ್ಕಾರದ ಮಾತು ಚಂದ್ರನನ್ನು ನೋಡಿಕೊಂಡು ನಡೆಯುವುದು ನನಗೆ ಬಹಳ ಸಮಾಧಾನ ಕೊಡುತ್ತಿತ್ತು.

ಹಿಂದಿನ ಮಳೆಗಾಲದಲ್ಲಿ ಒಂದು ಅಚಾತುರ್ಯ ನಡೆದಿತ್ತು. ಖಾನಾಪುರದ ಪೇಟೆಯಲ್ಲಿ ನಮ್ಮ ಜೀಪು ನಿಂತು, "ಸಮಸ್ತ ನಾಗರಿಕರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಮನೆಯಲ್ಲಿರುವ ಎಲ್ಲ ಕೊಡಗಳ ನೀರನ್ನು" ಎನ್ನುತ್ತಿದ್ದಂತೆಯೇ ಜನ ಜಪ್ತಿ ಬಂತೆಂದು ತಿಳಿದು ಕೊಡಗಳನ್ನು ಹಿತ್ತಲಿಗೆ ಸಾಗಿಸಿದರು. ಒಬ್ಬಾಕೆ ಎಮ್ಮೆಯನ್ನು ಹೊಡೆದುಕೊಂಡು ಹೊಳೆಯನ್ನೇ ದಾಟಿದಳು. "ಕುದಿಸಿ ಕುಡಿಯತಕ್ಕದ್ದು" ಎಂಬ ಉಳಿದ ಭಾಗವನ್ನು ಕೇಳಲು ಪೇಟೆಯಲ್ಲಿ ಒಂದು ನಾಯಿ ಮಾತ್ರ ಇತ್ತು. ಆ ವರ್ಷ ಓಣಿ ಓಣಿಯಲ್ಲಿ ವಾಂತಿಭೇದಿ ಆಯಿತು.

ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು: "ಇನ್ನು ಮುಂದೆ ಎಲ್ಲ ಪ್ರಕಟಣೆಗಳನ್ನು, ಮನೆಯಲ್ಲಿ ಒಬ್ಬರು ಮತ್ತೊಬ್ಬರೊಡನೆ ಮಾತನಾಡುವಂತೆ ಸಹಜವಾಗಿ ಧ್ವನಿಮುದ್ರಿಸತಕ್ಕದ್ದು. ಸಹಜತೆಯಲ್ಲಿ ಲೋಪ ಕಂಡುಬಂದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಆಗ ಧ್ವನಿ ಕೊಡುತ್ತಿದ್ದವರು ಖಾನಾಪುರದ ಗಂಗಾದೇವಿ ಬಾಯಿಯವರು. ದಿನಾ ರೈಲಿನಲ್ಲಿ ಬಂದು ಹೋಗುವವರು. ಗಂಡ ಸಾತಪ್ಪ ದುಡಿಯುತ್ತಿದ್ದ ಹೆಂಚಿನ ಕಾರ್ಖಾನೆ ಮುಚ್ಚಿತ್ತು. ಮನೆ ನಡೆಯುತ್ತಿದ್ದುದು ಈ ತಾಯಿಯ ಗಂಟಲಿನಿಂದ. ಆದರೆ ಅದು ತಾತ್ಕಾಲಿಕ ಗಂಟಲು. ಮಳೆ ಹಿಡಿಯುವುದರೊಳಗೆ ನೀರು ಕುದಿಸುವ ಟೇಪು ಪಾಸಾದರೆ ಕೆಲಸ ಕಾಯಂ, ಇಲ್ಲವಾದರೆ ಮನೆಗೆ ಎಂದು ಲಿಖಿತ ತಿಳಿವಳಿಕೆ ಕೊಡಲಾಗಿತ್ತು.

ಚೈತ್ರದ ಅಮಾವಾಸ್ಯೆಗೆ ಮೊದಲ ಪ್ರಯತ್ನ. ಶಾಖೆಯ ಮುಖ್ಯಸ್ಥರಾದ ದಿಗಂಬರರಾವ್ ಸಾಹೇಬರು ಗಾಜಿನ ಆಚೆ ಕುಳಿತು, "ಬಾಯಾರ, ಸಹಜ ಇರ್ರಿ. ಇದು ಆರ್ಡರ್ ಅದ," ಅಂದರು.

ಬಾಯಿಯವರು ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, "ಅಕ್ಕಂದಿರೇ. ನೀರನ್ನು. ಕುದಿಸಿ. ಕುಡಿಯಿರಿ," ಎಂದು ಶಾಲೆಗೆ ತಪಾಸಣೆಯವರು ಬಂದಾಗ ಮಗು ಮಗ್ಗಿ ಒಪ್ಪಿಸುವಂತೆ ಒಪ್ಪಿಸಿದರು.

"ನಕ್ಕೋತ ಓದ್ರಿ," ಅಂದರು ಸಾಹೇಬರು.

ನಕ್ಕೋತ ಓದಿದಾಗ ವಾಂತಿಭೇದಿ ಬಂದದ್ದು ಅವರಿಗೆ ಬಹಳ ಸಂತೋಷವಾದಂತೆ ಕೇಳಿಸಿತು. ಕೈ ಆಡಿಸಿ ಓದಲು ಹೇಳಿದಾಗ ಬಳೆಗಳು ಮಾತಾಡಿದವು. ಮನೆಯ ವಾತಾವರಣವಿಲ್ಲದ್ದೇ ದೋಷವೆಂದು ತೀರ್ಮಾನವಾಗಿ, ಕಚೇರಿ ಖರ್ಚಿನಲ್ಲಿ ಒಂದು ಮೊರ ಮತ್ತು ಹಸನು ಮಾಡುವ ಸಲುವಾಗಿ ಜೋಳ ತರಿಸಲಾಯಿತು. ಆ ಟೇಪಿನಲ್ಲಿ ಜೋಳದ ಧ್ವನಿ ಅತ್ಯಂತ ಸಹಜವಾಗಿ ಬಂದಿದೆ. ಇಂದಿಗೂ ಕೇಳಬಹುದು.

ಚಹಾದ ಹೊತ್ತಿಗೆ ಎಲ್ಲರೂ ಹೊರಗೆ ಬಂದೆವು. ಪಡಸಾಲೆಯಲ್ಲಿ ಕಸ ಗುಡಿಸುವ ಮಾಯಕ್ಕ ಕೂತಿದ್ದಳು. ಗಂಗಾದೇವಿ ಬಾಯಿ ಅವಳ ಬಾಜು ಕುಂತು ಶುರು ಮಾಡಿದರು:

"ಅಲ್ಲ ಮಾಯಕ್ಕಾ, ನಮ್ಮ ಓಣಿ ಬಾವಿ ನೀರು ನೋಡಬೇಕ ನೀನು."

"ಹೂಂ."

"ಹುಳಾ ಈಸಾಡತಾವ. ನಮ್ಮತ್ತಿ ಏನಂತಾಳ ಗೊತ್ತೇನು? ಹುಳಾ ಬದುಕ್ಯಾವಂದ್ರ ನೀರು ಚೊಲೋನ ಐತಿ ಅಂತ!"

"ಹೂಂ, ಯವ್ವಾ!"

"ನಾ ಅಂದೆ, ಅತ್ತಿ, ಒಂದ ಕುದಿ ಬರೂ ತನಕ ಒಲಿ ಮ್ಯಾಲ ಇಡ್ರಿ. ಹುಳಾನೂ ಹೋಗತಾವ, ಹೊಟ್ಟಿ ಹಿಡಕೊಂಡು ದವಾಖಾನಿಗೆ ಓಡೂದೂ ತಪ್ಪತೈತಿ. ಒಂದ ಕಟಗಿ ಉಳಸಾಕ ಹೋಗಿ ಹೆಣಕ್ಕ ಕಟಗಿ ಹುಡಕ್ತೀರೇನು?"

"ಹೂಂ. ಖರೇ ಐತಿ."

ಸಾಹೇಬರ ಚಹಾದ ಬಸಿ ಕೈಯಲ್ಲೇ ಉಳಿಯಿತು. "ಇದನ್ನೇ! ಇದನ್ನೇ ಒಳಗ ಬಂದು ಹೇಳ್ರಿ ಬಾಯಾರ!"

ಒಳಗೆ ಹೋದರೆ ಮತ್ತೆ "ಅಕ್ಕಂದಿರೇ. ನೀರನ್ನು."

"ಏನಾಗ್ತದ ನಿಮಗ ಇಲ್ಲೆ ಬಂದ ಕೂಡ್ಲೆ?"

"ಸಾಹೇಬರ, ಹೊರಗ ಮಾಯಕ್ಕ ಹೂಂ ಅಂತಿದ್ಲು. ಇಲ್ಲೆ ಯಾರ ಅಂತಾರ್ರಿ? ಈ ಮೈಕ್ ಅಂತೈತೇನು? ಹೂಂ ಅನ್ನಾವ್ರ ಇಲ್ಲದ ಒಬ್ಬಾಕಿನ ಮಾತಾಡಿದ್ರ ನಮ್ಮ ಊರಾಗ ಮೈಯಾಗ ದೇವರ ಬಂದೈತಿ ಅಂತ ಕಾಯಿ ಒಡೀತಾರ."

ಸಾಹೇಬರು ನೇಮಕಾತಿಯ ಕಡತ ತೆರೆದರು. ಮಾಯಕ್ಕನನ್ನು ಸ್ವಚ್ಛತೆಯ ಬಾಬಿನಲ್ಲಿ ನೇಮಿಸಿದ್ದರಿಂದ ಅವಳ ಹೂಂ ಅನ್ನು ಧ್ವನಿಯ ಬಾಬಿಗೆ ತೆಗೆದುಕೊಳ್ಳುವಂತಿರಲಿಲ್ಲ. ಅವರ ದೃಷ್ಟಿ ನನ್ನ ಮೇಲೆ ಬಿತ್ತು. ಮಠದಲ್ಲಿ ಶಾಸ್ತ್ರಿಗಳು ಪುರಾಣ ಹೇಳುವಾಗ ಮುಂದೆ ಕುಳಿತು ಹೂಂ ಅನ್ನುವ ಸೇವೆ ನನ್ನದೆಂದು ಅವರಿಗೆ ಗೊತ್ತಿತ್ತು. ನಾನು ವಿಭೂತಿ ಸರಿ ಮಾಡಿಕೊಂಡು ಒಳಗೆ ಹೋಗಿ ಬಾಯಿಯವರ ಎದುರು ಕುಳಿತೆ. ಅವರು ಹೇಳಿದರು; ನಾನು ಹೂಂ ಅಂದೆ. ಸತ್ಯವಾಗಿ ಹೇಳುತ್ತೇನೆ, ನನ್ನ ಕಣ್ಣು ತೇವವಾದವು. ಆ ಟೇಪು ಕೇಳಿದರೆ ಕಲ್ಲೂ ಒಲೆ ಹಚ್ಚಿ ನೀರಿಡುತ್ತಿತ್ತು.

"ಪಾಸಾತೇನ್ರಿ?" ಅಂದರು ಬಾಯಿಯವರು.

"ಪಾಸಾದಂಗಽ ಅದ," ಅಂದರು ಸಾಹೇಬರು.

ಆದರೆ ಲೆಕ್ಕ ತಪಾಸಣೆಯವರು ಟೇಪಿನಲ್ಲಿ ಎರಡು ಧ್ವನಿಗಳಿರುವುದನ್ನು ಪತ್ತೆ ಹಚ್ಚಿದರು. ಒಂದು ಧ್ವನಿಗೆ ನೇಮಕಾತಿ ಇತ್ತು. ಹೂಂ ಅಂದವರನ್ನು ಯಾವ ಆದೇಶದ ಮೇರೆಗೆ ಹೂಂ ಅನ್ನಲು ಬಿಡಲಾಯಿತು ಎಂದು ಕೇಳಿದರು. ಟೇಪು ತಡೆಹಿಡಿಯಲ್ಪಟ್ಟಿತು. ಹೂಂ ಅನ್ನುವ ಹುದ್ದೆಗೆ ಪ್ರಸ್ತಾವ ಹೋಯಿತು.

ಅಷ್ಟರಲ್ಲಿ ಮೇಲ್ವಿಚಾರಕ ಅವಧೂತ ಜೋಶಿಯವರು ಎದ್ದರು. "ಸಾಹೇಬರ, ಗುರುಪಾದಪ್ಪನವರ ಹೂಂ ಛಲೋ ಅದ, ಇಲ್ಲ ಅನ್ನಂಗಿಲ್ಲ. ಆದ್ರ ಖಾನಾಪುರದಾಗ ಅರ್ಧಾ ಮಂದಿ ಮರಾಠಿ ಮಾತಾಡ್ತಾರ. ಅವರ ಹೂಂ ಯಾರು ಅನ್ನಬೇಕು?"

ಇದು ನ್ಯಾಯವಾದ ಪ್ರಶ್ನೆ. ಮುಂದಿನ ಅಮಾವಾಸ್ಯೆಗೆ ಜೋಶಿಯವರ ಹೂಂ ಅನ್ನೂ ಮುದ್ರಿಸಲಾಯಿತು. ಎರಡನ್ನೂ ಒಂದಾದ ಮೇಲೊಂದು ಕೇಳಿಸಿದಾಗ ಯಾವುದು ಕನ್ನಡದ್ದು, ಯಾವುದು ಮರಾಠಿಯದ್ದು ಎಂದು ನಮಗೇ ತಿಳಿಯಲಿಲ್ಲ. ಇಬ್ಬರು ಪ್ರಾಧ್ಯಾಪಕರನ್ನು ಕರೆಸಲಾಯಿತು. ಅವರು ಕಿವಿಗೆ ಯಂತ್ರ ಹಾಕಿಕೊಂಡು, ಮಿಸಳ್ ತಿಂದು, ಮತ್ತೆ ಕೇಳಿ, ಕೊನೆಗೆ ಜಂಟಿ ವರದಿ ಕೊಟ್ಟರು: "ಎರಡೂ ಹೂಂ ಆಗಿವೆ. ಆದರೂ ಭಾವನೆಗಳಿಗೆ ಧಕ್ಕೆ ಬಾರದಂತೆ ಎರಡನ್ನೂ ಸಮ ಪ್ರಮಾಣದಲ್ಲಿ ಬಳಸುವುದು ಕ್ಷೇಮ." ಹೀಗೆ ಎರಡು ಹುದ್ದೆ ಮಂಜೂರಾದವು. ಜೊತೆಗೆ ಸಾರ್ವಜನಿಕರಿಗಾಗಿ ಗೋಡೆಗೆ ಒಂದು ಪ್ರಕಟಣೆಯನ್ನೂ ಹಚ್ಚಲಾಯಿತು: "ಈ ಶಾಖೆಯ ಹೂಂ ಕೇವಲ ಕೇಳಿಸಿಕೊಂಡಿದ್ದರ ಗುರುತಾಗಿದ್ದು, ಅದರಿಂದ ಯಾವುದೇ ಹಕ್ಕು ಉಂಟಾಗುವುದಿಲ್ಲ."

ಬಾಯಿಯವರು ದಿನಾ ಬಂದು ಗೋಡೆಗೊರಗಿ ಕೂಡುತ್ತಿದ್ದರು.

"ಗುರುಪಾದಪ್ಪನವರ, ಜಾಂಬೋಟಿ ಕಡೆ ಮೋಡ ಕಟ್ಯಾವಂತ. ರೈಲಿನಾಗ ಮಂದಿ ಮಾತಾಡಾಕತ್ತಿದ್ರು."

"ಹೂಂ," ಅಂದೆ ನಾನು.

"ನಿಮ್ಮ ಹೂಂ ಕಾಯಂ ಆತು. ನನ್ನ ಮಾತು ಯಾವಾಗ ಕಾಯಂ ಆಗತೈತ್ರಿ?"

"ಎಲ್ಲಾ ಶಿವನ ಇಚ್ಛಾ ತಾಯಿ. ಆತನ ಮ್ಯಾಲ ಭಾರ ಹಾಕ್ರಿ."

"ಹಾಕೀನ್ರಿ. ಆತನೂ ನಿಮ್ಮಂಗಽ ಬರೇ ಹೂಂ ಅಂತಾನ."

ಕೊನೆಗೆ ಸಹಜತೆಯ ತಪಾಸಣಾ ಮಂಡಳಿ ಬಂತು. ಮೂವರು ಹಿರಿಯರು. ಟೇಪು ಪೂರ್ತಿ ಕೇಳಿ ಅವರು ಬರೆದ ಅಭಿಪ್ರಾಯ ನನಗೆ ಬಾಯಿಪಾಠವಾಗಿದೆ: "ಹೂಂ ಭಾಗವು ಸಂಪೂರ್ಣ ಸಹಜವಾಗಿದ್ದು, ಮಂಜೂರು ಮಾಡಬಹುದು. ಮಾತಿನ ಭಾಗದಲ್ಲಿ ಅತ್ತೆಯ ಉಲ್ಲೇಖವಿರುವುದರಿಂದ ಸಮಾಜ ಕಲ್ಯಾಣ, ಹುಳದ ಉಲ್ಲೇಖವಿರುವುದರಿಂದ ಆರೋಗ್ಯ, ಕಟ್ಟಿಗೆಯ ಉಲ್ಲೇಖವಿರುವುದರಿಂದ ಅರಣ್ಯ, ಬಾವಿಯ ಉಲ್ಲೇಖವಿರುವುದರಿಂದ ಲೋಕೋಪಯೋಗಿ ಇಲಾಖೆಗಳ ಒಪ್ಪಿಗೆ ಅಗತ್ಯ. ಮಳೆಗಾಲ ಸಮೀಪಿಸಿರುವುದರಿಂದ, ಜನಹಿತದ ದೃಷ್ಟಿಯಿಂದ, ಮಂಜೂರಾದ ಭಾಗವನ್ನು ಕೂಡಲೇ ಪ್ರಸಾರ ಮಾಡುವುದು."

ಸಾಹೇಬರು ತಾವೇ ಬ್ಲೇಡು ಹಿಡಿದು ಬಾಯಿಯವರ ಮಾತನ್ನು ಕತ್ತರಿಸಿ ತೆಗೆದರು. ಹೂಂಗಳನ್ನು ಒಂದಕ್ಕೊಂದು ಅಂಟಿಸಿದರು. ಕತ್ತರಿಸಿದ ಟೇಪನ್ನು ಮಾಯಕ್ಕ ಗುಡಿಸಿಕೊಂಡು ಹೋದಳು, ಬುಟ್ಟಿ ಕಟ್ಟಲು ಬರುತ್ತದೆಂದು.

ಜ್ಯೇಷ್ಠದ ಮೊದಲ ಮಳೆಯಲ್ಲಿ ಜೀಪು ಖಾನಾಪುರದ ಪೇಟೆಯಲ್ಲಿ ನಿಂತಿತು. ನಾನೂ ಹೋಗಿದ್ದೆ. ಮೈಕು ಗರಗರ ಅಂದು, ಆಮೇಲೆ ನನ್ನ ಧ್ವನಿಯಲ್ಲಿ "ಹೂಂ" ಅಂತು. ಸ್ವಲ್ಪ ತಡೆದು ಜೋಶಿಯವರ ಧ್ವನಿಯಲ್ಲಿ "ಹೂಂ" ಅಂತು.

ಜನ ಕೊಡ ಅಡಗಿಸಲಿಲ್ಲ. ಸುಮ್ಮನೆ ನಿಂತು ನೋಡಿದರು. ಮೊದಲಿಗೆ ಸೊಪ್ಪು ಮಾರುವ ನಿಂಗವ್ವ ಬುಟ್ಟಿ ಇಳಿಸಿ ಜೀಪಿನ ಹತ್ತಿರ ಬಂದಳು.

"ಯಪ್ಪಾ, ನಮ್ಮ ಬಾವಿ ನೀರು ನಾರತೈತಿ."

"ಹೂಂ."

"ಹೋದ ವರ್ಷ ನನ್ನ ತಂಗಿ ಮಗಳು ಹೊಟ್ಟಿ ಜಾಡಿಸಿ ಹೋದ್ಲು."

"ಹೂಂ."

ನಿಂಗವ್ವ ಸೆರಗಿನಿಂದ ಕಣ್ಣೊರಸಿಕೊಂಡಳು. "ಇಷ್ಟ ವರ್ಷದಾಗ ಸರ್ಕಾರ ಒಂದ ದಿನಾನೂ ನಡಕ ಬಾಯಿ ಹಾಕದ ಕೇಳಿರಲಿಲ್ಲ ನೋಡ್ರಿ," ಅಂದಳು. ಅವಳ ಹಿಂದೆ ಸಾಲು ಹತ್ತಿತು. ಗಡಿಗೆ ಒಡೆದವರು, ಸೊಸೆ ಮಾತು ಬಿಟ್ಟವರು, ಬಸ್ಸು ತಪ್ಪಿದವರು, ಎಲ್ಲರೂ ಮಳೆಯಲ್ಲಿ ಛತ್ರಿ ಹಿಡಿದು ಜೀಪಿಗೆ ಹೇಳಿಕೊಂಡರು. ಟೇಪು ಎಲ್ಲರಿಗೂ ಸಮನಾಗಿ ಹೂಂ ಅಂತು. ಹೇಳಿ ಮುಗಿಸಿದವರು ಹಗುರಾಗಿ, ಬಾವಿಗೆ ಹೋಗಿ ನೀರು ತುಂಬಿಕೊಂಡು ಮನೆಗೆ ನಡೆದರು. ಕುದಿಸಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ; ಏಕೆಂದರೆ ಅದು ಮಂಜೂರಾಗದ ಭಾಗದಲ್ಲಿತ್ತು.

ಆ ವರ್ಷವೂ ವಾಂತಿಭೇದಿ ಆಯಿತು. ದೂರುಗಳು ಮಾತ್ರ ಒಂದೂ ಬರಲಿಲ್ಲ. ಜನ ಜೀಪಿಗೆ ಆಗಲೇ ಹೇಳಿಕೊಂಡಿದ್ದರು. ನಮ್ಮ ಶಾಖೆಯನ್ನು ಮಾದರಿ ಶಾಖೆಯೆಂದು ಘೋಷಿಸಲಾಯಿತು. ಹೆಂಗಸರ ಸಂಕಟಕ್ಕೆ ಹೆಂಗಸರ ಹೂಂ ಇದ್ದರೆ ಹೆಚ್ಚು ಸಹಜವೆಂದು ಮೂರನೆಯ ಹುದ್ದೆಯೂ ಬಂತು.

ಮಾತನಾಡುವ ಹುದ್ದೆಯನ್ನು ಅನಗತ್ಯವೆಂದು ಅಷ್ಟರಲ್ಲಿ ರದ್ದುಪಡಿಸಲಾಗಿತ್ತು. ಸಾಹೇಬರು ಕರುಣಾಳುಗಳು. ಗಂಗಾದೇವಿ ಬಾಯಿಯವರನ್ನು ಕರೆಸಿ, ಎದುರಿಗೆ ಕುಂದರಿಸಿ, ಹೊಸ ಹುದ್ದೆಯ ಆದೇಶ ಮುಂದಿಟ್ಟರು. ಕಾಯಂ, ಪಿಂಚಣಿ ಸಹಿತ. ಕೆಳಗೆ ಒಂದೇ ಒಂದು ಷರತ್ತು: ಸದರಿ ನೌಕರರು ಕರ್ತವ್ಯದ ಅವಧಿಯಲ್ಲಿ ಹೂಂ ಹೊರತು ಬೇರೇನನ್ನೂ ಮಾತನಾಡತಕ್ಕದ್ದಲ್ಲ.

ಬಾಯಿಯವರು ಓದಿದರು. ನನ್ನ ಕಡೆ ತಿರುಗಿದರು.

"ಗುರುಪಾದಪ್ಪನವರ, ನಮ್ಮ ಓಣಿಯಾಗ ಮೊನ್ನೆ ಮತ್ತ ಎರಡ ಹೆಣಾ ಬಿದ್ವು. ಆ ಟೇಪ ಬಿಟ್ಟಿದ್ರ ಮಂದಿ ಕೇಳತಿದ್ರು. ನಾ ಮನ್ಯಾಗ ಹೇಳಿದ್ದಕ್ಕ ನಮ್ಮತ್ತಿ ಸೈತ ಕೇಳಿದ್ಲು, ಈಗ ದಿನಾ ಕುದಸ್ತಾಳ. ಬಾಯಿ ಇದ್ದೂ ನಾ ಇದಕ್ಕ ಸಹಿ ಹಾಕ್ಲೇನ್ರಿ? ಮನ್ಯಾಗ ಹಿಟ್ಟಿನ ಡಬ್ಬಿ ಬಡದ್ರ ಸಪ್ಪಳ ಬರತೈತಿ."

ಅಂಥ ಮಾತನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಒಂದು ಅಕ್ಷರ ಓದಿದಂತಿರಲಿಲ್ಲ. ನಾನು ಹೂಂ ಹುದ್ದೆಯ ಕರ್ತವ್ಯದಲ್ಲಿದ್ದೆನಾದ್ದರಿಂದ, ಮನಸ್ಸಿನಲ್ಲಿ ಶಿವನನ್ನು ನೆನೆದು, "ಹೂಂ," ಅಂದೆ.

ಬಾಯಿಯವರು ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡರು. ಆಮೇಲೆ ಸಹಿ ಹಾಕಿದರು.

"ಹಂಗಾದ್ರ ನಿಮಗ ಒಪ್ಪಿಗಿ ಅದ ಅಂತಾತು?" ಅಂದರು ಸಾಹೇಬರು.

ಬಾಯಿಯವರು ಕಿಟಕಿಯ ಆಚೆ ನೋಡುತ್ತ, ಬಹಳ ದೂರದಿಂದ ಬಂದಂತೆ, "ಹೂಂ," ಅಂದರು.

ಸಾಹೇಬರು ಕನ್ನಡಕ ತೆಗೆದು ಕಣ್ಣೊರಸಿಕೊಂಡರು. "ಆಹಾ! ಎಷ್ಟು ಸಹಜ ಬಂತು ನೋಡ್ರಿ. ಚೈತ್ರದಿಂದ ಇದನ್ನೇ ಕೇಳ್ಲಿಕ್ಕೆ ಹತ್ತಿದ್ದೆ ನಾನು. ಅಲ್ಲೇನ್ರಿ?"

ಜೋಶಿಯವರು ಹೂಂ ಅಂದರು. ನಾನೂ ಅಂದೆ.